ಕಂಪನಿ ವೈದ್ಯರು ಮತ್ತು ನೌಕರರ ಆರೋಗ್ಯ ಸೌಲಭ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ವೈದ್ಯನಾಗಿ ದುಡಿದ ವರ್ಷಗಳಲ್ಲಿ ಕಾರ್ಮಿಕರು ನನ್ನ ಮೇಜಿನ ಎದುರು ಕುಳಿತು ಕೇಳಿದ ಪ್ರಶ್ನೆಗಳಿವು. ಕೆಲವನ್ನು ಎಚ್‌ಆರ್ ವಿಭಾಗದವರು ಕೇಳಿದ್ದಾರೆ. ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದ ಪ್ರಶ್ನೆಗಳೂ ಇಲ್ಲಿವೆ.

ಕಂಪನಿ ವೈದ್ಯರು ಎಂದರೆ ಯಾರು? ತಲೆನೋವಿಗೆ ಮಾತ್ರೆ ಕೊಡುವುದಷ್ಟೇ ಅವರ ಕೆಲಸವೇ?

ಕಾರ್ಖಾನೆಗಳಲ್ಲಿ ಇವರನ್ನು ಫ್ಯಾಕ್ಟರಿ ಮೆಡಿಕಲ್ ಆಫೀಸರ್ ಎನ್ನುತ್ತಾರೆ. ಕಾರ್ಮಿಕರ ಬಾಯಲ್ಲಿ ಇವರು ಬರೀ ‘ಡಾಕ್ಟ್ರು’. ಎಂಬಿಬಿಎಸ್ ಮುಗಿಸಿದ ಮೇಲೆ ಔದ್ಯೋಗಿಕ ಆರೋಗ್ಯದಲ್ಲಿ ಮೂರು ತಿಂಗಳ ಎಎಫ್‌ಐಎಚ್ ಎಂಬ ತರಬೇತಿ ಪಡೆದವರು ಅಪಾಯಕಾರಿ ಕೆಲಸಗಳಿರುವ ಕಾರ್ಖಾನೆಗಳಲ್ಲಿ ಇರುತ್ತಾರೆ. ರಾಸಾಯನಿಕ, ದೂಳು, ಸದ್ದು, ಬಿಸಿ ಇವು ದೇಹಕ್ಕೆ ಏನು ಮಾಡುತ್ತವೆ ಎಂಬುದು ಈ ತರಬೇತಿಯ ತಿರುಳು.

ಮಾತ್ರೆ ಕೊಡುವುದು ಅವರ ದಿನದ ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗ ಇನ್ನೂ ದೊಡ್ಡದು: ಕೆಲಸಕ್ಕೆ ಸೇರುವ ಮುನ್ನದ ತಪಾಸಣೆ, ವರ್ಷದ ತಪಾಸಣೆ, ಕಾಯಿಲೆ ಬಿದ್ದು ಮರಳಿದವರಿಗೆ ಯಾವ ಕೆಲಸ ಕೊಡಬಹುದೆಂಬ ಸಲಹೆ, ಕ್ಯಾಂಟೀನಿನ ಅಡುಗೆಮನೆ ಮತ್ತು ಕುಡಿಯುವ ನೀರಿನ ಮೇಲೆ ಕಣ್ಣು, ವಿಮೆ ನವೀಕರಣದ ಹೊತ್ತಿನಲ್ಲಿ ಆಡಳಿತಕ್ಕೆ ಅಭಿಪ್ರಾಯ. ಕೊನೆಯ ಕೆಲಸವನ್ನು ಎಷ್ಟೋ ವೈದ್ಯರು ಮಾಡುವುದಿಲ್ಲ, ಎಷ್ಟೋ ಕಂಪನಿಗಳು ಕೇಳುವುದೂ ಇಲ್ಲ. ನೌಕರರಿಗೆ ಅತಿ ಹೆಚ್ಚು ನಷ್ಟವಾಗುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಎಲ್ಲ ಕಂಪನಿಗಳಲ್ಲಿಯೂ ವೈದ್ಯರು ಇರಲೇಬೇಕೆ?

ಇಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕಿತ್ತು. 500ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ವೈದ್ಯರು ಮತ್ತು ದಾದಿಯರಿರುವ ಆಂಬುಲೆನ್ಸ್ ಕೊಠಡಿ ಬೇಕಿತ್ತು. ಅಪಾಯಕಾರಿ ಪ್ರಕ್ರಿಯೆಗಳಿರುವ ಕಡೆ ನಿಯಮಗಳು ಇನ್ನೂ ಬಿಗಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆಯ ಸಂಹಿತೆ ನಿಂತಿದೆ. ಕಾಯ್ದೆಯ ಹೆಸರು ಬದಲಾದರೂ ಕಾರ್ಮಿಕನ ಆರೋಗ್ಯದ ಹೊಣೆ ಮಾಲೀಕನದೇ ಎಂಬ ಮೂಲ ತತ್ವ ಬದಲಾಗಿಲ್ಲ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ವಾರಕ್ಕೆ ಒಂದೆರಡು ದಿನ ಆಸ್ಪತ್ರೆಯೊಂದರಿಂದ ಬರುವ ವೈದ್ಯರೇ ಹೆಚ್ಚು. ಅವರಿಗೆ ಕಂಪನಿಯ ಸೌಲಭ್ಯಗಳ ವಿವರ ಗೊತ್ತಿರುವುದು ಅಪರೂಪ.

ಸೌಲಭ್ಯಗಳನ್ನು ತೀರ್ಮಾನಿಸುವವರು ಆಡಳಿತ ಮತ್ತು ಹಣಕಾಸು ವಿಭಾಗದವರು. ಅಲ್ಲಿ ವೈದ್ಯರ ಮಾತಿಗೆ ಬೆಲೆ ಇದೆಯೇ?

ವೈದ್ಯರು ಬರಿಗೈಯಲ್ಲಿ ಹೋದರೆ ಇಲ್ಲ. ಚಿಕಿತ್ಸೆಗೆ ಬಂದವರ ವಿವರ ಬರೆದಿಡುವ ರಿಜಿಸ್ಟರ್ ಹಿಡಿದು ಹೋದರೆ ಇದೆ.

ಒಂದು ಉಡುಪು ಕಾರ್ಖಾನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಉರಿಮೂತ್ರ ಎಂದು ಹೆಣ್ಣುಮಕ್ಕಳು ಬರುತ್ತಿದ್ದರು. ಪ್ರತಿಯೊಬ್ಬರಿಗೂ ಆಂಟಿಬಯಾಟಿಕ್ ಬರೆದು ‘ನೀರು ಚೆನ್ನಾಗಿ ಕುಡಿಯಿರಿ’ ಎಂದು ಕಳುಹಿಸುತ್ತಿದ್ದೆ. ಮೂರು ತಿಂಗಳಾದ ಮೇಲೆ ಒಂದು ಸಂಜೆ ರಿಜಿಸ್ಟರ್ ತಿರುವಿ ಹಾಕಿದಾಗ ನನಗೇ ನಾಚಿಕೆಯಾಯಿತು. ಬಂದವರಲ್ಲಿ ಹೆಚ್ಚಿನವರು ಎರಡೇ ಲೈನಿನವರು, ಎಂದರೆ ಹೊಲಿಗೆ ಯಂತ್ರಗಳ ಎರಡೇ ಸಾಲಿನವರು. ಆ ಲೈನುಗಳಿಂದ ಶೌಚಾಲಯಕ್ಕೆ ಹೋಗಿ ಬರಲು ತುಂಬ ಹೊತ್ತು ಹಿಡಿಯುತ್ತಿತ್ತು. ಗಂಟೆಗೆ ಇಷ್ಟು ಪೀಸ್ ಎಂಬ ಗುರಿ ತಪ್ಪುತ್ತದೆಂದು ಅವರು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ನಾನು ನೀರು ಕುಡಿಯಿರಿ ಎನ್ನುತ್ತಿದ್ದೆ, ಕುಡಿಯದಿರಲು ಅವರಿಗೆ ಕಾರಣವಿತ್ತು.

ಹೆಸರುಗಳನ್ನು ತೆಗೆದು, ಲೈನಿನ ಸಂಖ್ಯೆ ಮತ್ತು ತಿಂಗಳುಗಳನ್ನಷ್ಟೇ ಇಟ್ಟು ಒಂದು ಹಾಳೆಯ ಟಿಪ್ಪಣಿ ಬರೆದೆ. ಎಷ್ಟು ರಜೆಯ ದಿನಗಳು ಹೋದವು ಎಂಬುದನ್ನೂ ಸೇರಿಸಿದೆ, ಏಕೆಂದರೆ ಉತ್ಪಾದನಾ ವ್ಯವಸ್ಥಾಪಕರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಆ ಮಹಡಿಯಲ್ಲಿಯೇ ಎರಡು ಶೌಚಾಲಯ ಕಟ್ಟಿಸಿದರು. ಲೈನಿಗೆ ಒಬ್ಬ ಬದಲಿ ಟೈಲರ್ ಬಂದರು. ನಾನು ಬರೆದ ಯಾವ ಔಷಧಿಯೂ ಅಷ್ಟು ಕೆಲಸ ಮಾಡಿರಲಿಲ್ಲ.

ಆರೋಗ್ಯ ಸೌಲಭ್ಯ ಎಂದರೆ ವಿಮೆಯ ಕಾರ್ಡ್ ಮಾತ್ರ ಎಂದುಕೊಂಡವರಿಗಾಗಿ ಇದನ್ನು ಇಷ್ಟು ವಿವರವಾಗಿ ಬರೆದೆ.

ವೈದ್ಯರೇ ಸೌಲಭ್ಯದ ರೂಪ ಬದಲಿಸಿದ ಉದಾಹರಣೆಗಳು ಚರಿತ್ರೆಯಲ್ಲಿ ಇವೆಯೇ?

ಇವೆ. ಕಾರ್ಮಿಕರ ಕಾಯಿಲೆಗಳ ಅಧ್ಯಯನದ ಪಿತಾಮಹ ಎನ್ನಿಸಿಕೊಂಡ ಇಟಲಿಯ ಬರ್ನಾರ್ಡಿನೊ ರಾಮಝಿನಿ 1700ರಲ್ಲಿಯೇ, ರೋಗಿಗೆ ಕೇಳುವ ಪ್ರಶ್ನೆಗಳ ಜೊತೆಗೆ ‘ನೀನು ಏನು ಕೆಲಸ ಮಾಡುತ್ತೀಯ?’ ಎಂಬುದನ್ನೂ ಕೇಳಬೇಕೆಂದರು. ಇಂದಿಗೂ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ಆ ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ.

ಸೌಲಭ್ಯದ ವಿಷಯಕ್ಕೆ ಬಂದರೆ ಅಮೆರಿಕದ ಸಿಡ್ನಿ ಗಾರ್ಫೀಲ್ಡ್ ಅವರ ಕಥೆ ನನಗೆ ಬಹಳ ಹತ್ತಿರದ್ದು. 1933ರಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಕೊಲರಾಡೊ ನದಿಯ ನೀರನ್ನು ಲಾಸ್ ಏಂಜಲೀಸ್ ಕಡೆಗೆ ಒಯ್ಯುವ ಕಾಲುವೆಯ ಕೆಲಸ ನಡೆಯುತ್ತಿತ್ತು. ಆ ಕಾರ್ಮಿಕರಿಗಾಗಿ ಈ ಯುವ ವೈದ್ಯರು 12 ಹಾಸಿಗೆಗಳ ಪುಟ್ಟ ಆಸ್ಪತ್ರೆ ತೆರೆದರು. ವಿಮಾ ಕಂಪನಿಗಳು ಹಣ ಕೊಡಲು ತಡಮಾಡಿ ಆಸ್ಪತ್ರೆ ಮುಳುಗುವ ಸ್ಥಿತಿಗೆ ಬಂತು. ಆಗ ತಲೆಗೆ ದಿನಕ್ಕೆ ಐದು ಸೆಂಟ್‌ನಂತೆ ಮುಂಗಡವಾಗಿ ಕೊಡುವ ಏರ್ಪಾಡಾಯಿತು. ಕೆಲಸಕ್ಕೆ ಸಂಬಂಧಿಸದ ಕಾಯಿಲೆಗಳಿಗೂ ಚಿಕಿತ್ಸೆ ಬೇಕೆಂದವರು ಇನ್ನೈದು ಸೆಂಟ್ ಸೇರಿಸಿದರು. ಹಣ ಮೊದಲೇ ಕೈಗೆ ಬಂದಿದ್ದರಿಂದ ವೈದ್ಯರ ಲೆಕ್ಕಾಚಾರವೇ ತಿರುಗಿತು. ಗಾಯಾಳುಗಳು ಹೆಚ್ಚಿದರೆ ಆದಾಯವೇನೂ ಹೆಚ್ಚುತ್ತಿರಲಿಲ್ಲ. ಗಾಯಗಳೇ ಆಗದಂತೆ ನೋಡಿಕೊಳ್ಳುವುದು ಅವರಿಗೂ ಒಳ್ಳೆಯದಾಯಿತು. ಕೆಲಸದ ಜಾಗದಲ್ಲಿ ಹಲಗೆಗಳಿಂದ ಚಾಚಿಕೊಂಡಿದ್ದ ಮೊಳೆಗಳನ್ನು ತೆಗೆಸುವ ಕೆಲಸಕ್ಕೆ ಅವರು ಇಳಿದರು. ಉದ್ಯಮಿ ಹೆನ್ರಿ ಕೈಸರ್ ಅವರ ಜೊತೆ ಸೇರಿ ಬೆಳೆಸಿದ ಆ ವ್ಯವಸ್ಥೆ 1945ರಲ್ಲಿ ಸಾರ್ವಜನಿಕರಿಗೂ ತೆರೆದುಕೊಂಡಿತು. ಕೈಸರ್ ಪರ್ಮನೆಂಟೆ ಎಂದು ಇಂದು ಹೆಸರಾಗಿರುವ ಆರೋಗ್ಯ ಸಂಸ್ಥೆ ಅದೇ.

ನಮ್ಮಲ್ಲಿ ಜಮ್‌ಶೇಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1915ರಲ್ಲಿಯೇ ಉಚಿತ ವೈದ್ಯಕೀಯ ನೆರವು ಆರಂಭಿಸಿತ್ತು. ಅಂಥದ್ದೊಂದು ಕಾನೂನು ದೇಶದಲ್ಲಿ ಬರಲು ಇನ್ನೂ ದಶಕಗಳು ಬೇಕಾದವು.

ಇಎಸ್‌ಐ ಎಂಬ ಸರ್ಕಾರಿ ಕಾರ್ಮಿಕ ವಿಮೆ ಇರುವಾಗ ಕಂಪನಿ ವೈದ್ಯರಿಂದ ಹೆಚ್ಚಿನದೇನು ಸಿಗುತ್ತದೆ?

ಇಎಸ್‌ಐ ಸಣ್ಣ ಸೌಲಭ್ಯವಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ತಮ್ಮ ವೇತನದ ಶೇಕಡಾ 0.75 ಕೊಡುತ್ತಾರೆ, ಮಾಲೀಕರು ಶೇಕಡಾ 3.25 ಕೊಡುತ್ತಾರೆ. 21,000 ರೂಪಾಯಿಗೆ ನಿಮ್ಮ ಪಾಲು 157 ರೂಪಾಯಿ ಚಿಲ್ಲರೆ. ಅದಕ್ಕೆ ಪ್ರತಿಯಾಗಿ ನಿಮಗೂ ಕುಟುಂಬಕ್ಕೂ ವೆಚ್ಚದ ಮಿತಿಯಿಲ್ಲದ ಚಿಕಿತ್ಸೆ ಸಿಗುತ್ತದೆ. ಕಾಯಿಲೆಯ ರಜೆಗೆ ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇಕಡಾ 70, ಕ್ಷಯ, ಕ್ಯಾನ್ಸರ್‌ನಂಥ ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ ಎರಡು ವರ್ಷಗಳವರೆಗೆ ಶೇಕಡಾ 80, ಕೆಲಸದಲ್ಲಾದ ಗಾಯಕ್ಕೆ ಶೇಕಡಾ 90 ಸಿಗುತ್ತದೆ. ಖಾಸಗಿ ವಿಮೆಯಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಂಥದ್ದು ಸಿಗುವುದಿಲ್ಲ.

ಸೌಲಭ್ಯ ಇದ್ದರೂ ಅದರ ಬಾಗಿಲು ಯಾವುದು ಎಂದು ಗೊತ್ತಿಲ್ಲದವರೇ ಹೆಚ್ಚು. ಕಾರ್ಡಿನಲ್ಲಿ ತಾಯಿಯ ಹೆಸರು ಸೇರಿಸಿಲ್ಲ, ಡಿಸ್ಪೆನ್ಸರಿ ಊರಿನ ಇನ್ನೊಂದು ತುದಿಯಲ್ಲಿದೆ, ಅಪಘಾತದ ವರದಿ ಸಮಯಕ್ಕೆ ಹೋಗಿಲ್ಲ. ಇಂಥ ಸಣ್ಣ ಸಣ್ಣ ತೊಡಕುಗಳಲ್ಲಿ ಮನುಷ್ಯ ಸೋತು ಹೋಗಿ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಾಲ ಮಾಡಿ ಹಣ ಕಟ್ಟುತ್ತಾನೆ. ಗಾಯವಾದ ದಿನವೇ ಯಂತ್ರ ಯಾವುದು, ಸಮಯ ಎಷ್ಟು, ಯಾವ ಬೆರಳು ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟರೆ ಮುಂದೆ ಅಂಗವೈಕಲ್ಯದ ಪರಿಹಾರ ಕೇಳುವಾಗ ಆ ಒಂದು ಪುಟವೇ ಆಧಾರವಾಗುತ್ತದೆ. ವೈದ್ಯರ ಬಳಿ ‘ಬಿದ್ದು ಪೆಟ್ಟಾಯಿತು’ ಎಂದಷ್ಟೇ ಬರೆಸಿಕೊಂಡು ಹೋಗಬೇಡಿ.

ನನ್ನ ಸಂಬಳ 21,000 ದಾಟಿದೆ. ಇಎಸ್‌ಐ ಅಂದೇ ನಿಂತುಹೋಗುತ್ತದೆಯೇ?

ಅಂದೇ ನಿಲ್ಲುವುದಿಲ್ಲ. ವಂತಿಗೆಯ ಅವಧಿಗಳು ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜೂನ್ ತಿಂಗಳಲ್ಲಿ ಸಂಬಳ ಏರಿದರೆ ಸೆಪ್ಟೆಂಬರ್ ಕೊನೆಯವರೆಗೂ ವಂತಿಗೆ ಕಡಿತವಾಗುತ್ತದೆ. ಆ ಅವಧಿಯ ವಂತಿಗೆಗೆ ಸಲ್ಲುವ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್. ಅಷ್ಟರವರೆಗೆ ಅರ್ಹತೆ ಉಳಿಯುತ್ತದೆ. ಅದಾದ ಮೇಲೆ ನೀವು ಹೊರಗೆ.

ಕಂಪನಿ ವೈದ್ಯರು ನಿಜವಾಗಿ ಎಚ್ಚರವಾಗಿರಬೇಕಾದ ಹೊತ್ತು ಇದು. ನಾನು ಕಂಡ ಒಬ್ಬ ಹಿರಿಯ ಫಿಟ್ಟರ್ ಬಡ್ತಿ ಬೇಡವೆಂದು ಕೈಮುಗಿದರು. ಅವರ ಹೆಂಡತಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗುತ್ತಿತ್ತು, ಎಲ್ಲವೂ ಇಎಸ್‌ಐ ಮೂಲಕ. ಸಂಬಳ ಎರಡು ಸಾವಿರ ಏರಿದರೆ ಡಯಾಲಿಸಿಸ್‌ನ ಪೂರ್ತಿ ಖರ್ಚು ತಲೆಯ ಮೇಲೆ ಬೀಳುತ್ತಿತ್ತು. ಕಂಪನಿಯ ಗುಂಪು ವಿಮೆಯಲ್ಲಿ ವರ್ಷಕ್ಕೆ ಎರಡು ಲಕ್ಷದ ಮಿತಿ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುವ ಗಾದೆ ಅವರ ಮುಖದಲ್ಲಿಯೇ ಕಾಣುತ್ತಿತ್ತು.

ಅವರ ಹೆಸರನ್ನು ಹೇಳದೆ, ಇಎಸ್‌ಐ ಮಿತಿಯ ಅಂಚಿನಲ್ಲಿ ಎಷ್ಟು ಜನರಿದ್ದಾರೆ, ಅವರ ಮನೆಗಳಲ್ಲಿ ದೀರ್ಘ ಕಾಯಿಲೆಗಳು ಎಷ್ಟಿವೆ ಎಂದು ಲೆಕ್ಕ ಹಾಕಿ ಮುಂದಿಟ್ಟೆವು. ಮುಂದಿನ ನವೀಕರಣದಲ್ಲಿ ಅಂಥ ನೌಕರರಿಗೆ ಮೂಲ ವಿಮೆಯ ಮಿತಿ ಮುಗಿದ ಮೇಲೆ ಹಣ ಕೊಡುವ, ಹೆಚ್ಚಿನ ಮೊತ್ತದ ಟಾಪ್‌ಅಪ್ ಪಾಲಿಸಿ ಸೇರಿತು, ಮೊದಲೇ ಇದ್ದ ಕಾಯಿಲೆಗಳಿಗೆ ಮೊದಲ ದಿನದಿಂದಲೇ ರಕ್ಷಣೆ ಬಂತು. ಆ ಫಿಟ್ಟರ್ ಒಂದು ವರ್ಷ ತಡವಾಗಿ ಬಡ್ತಿ ಪಡೆದರು. ತಡವಾದ ಆ ಒಂದು ವರ್ಷ ನನಗೆ ಇಂದಿಗೂ ಚುಚ್ಚುತ್ತದೆ.

ನಿಮ್ಮ ಸಂಬಳ ಏರುವ ಸೂಚನೆ ಇದ್ದರೆ ಮೊದಲೇ ವೈದ್ಯರನ್ನು ಕಾಣಿರಿ. ನಡೆಯುತ್ತಿರುವ ಚಿಕಿತ್ಸೆಯ ದಾಖಲೆಗಳನ್ನೆಲ್ಲ ಒಂದೆಡೆ ಇಡಿ.

ಗುಂಪು ವಿಮೆ ಆರಿಸುವಾಗ ವೈದ್ಯರು ನೋಡಬೇಕಾದದ್ದೇನು? ಅದು ಹಣಕಾಸಿನ ಲೆಕ್ಕವಲ್ಲವೇ?

ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ವೈದ್ಯರಿಗೆ ಕಾಣುವುದು ಲೆಕ್ಕಿಗರಿಗೆ ಕಾಣುವುದಿಲ್ಲ. ಕೋಣೆ ಬಾಡಿಗೆಯ ಮಿತಿಯನ್ನೇ ತೆಗೆದುಕೊಳ್ಳಿ. ಮೂರು ಲಕ್ಷದ ಪಾಲಿಸಿಯಲ್ಲಿ ಶೇಕಡಾ ಒಂದು ಎಂದರೆ ದಿನಕ್ಕೆ 3,000 ರೂಪಾಯಿ. ಬೇರೆ ಕೋಣೆ ಖಾಲಿಯಿಲ್ಲವೆಂದು ನೀವು 6,000ದ ಕೋಣೆಗೆ ಹೋದಿರಿ. ಹೆಚ್ಚುವರಿ 3,000 ಮಾತ್ರ ನನ್ನ ಕೈಯಿಂದ ಎಂದು ಎಲ್ಲರೂ ಎಣಿಸುತ್ತಾರೆ. ಆದರೆ ಶಸ್ತ್ರಚಿಕಿತ್ಸಕರ ಶುಲ್ಕ, ಆಪರೇಷನ್ ಥಿಯೇಟರ್ ಮುಂತಾದವೂ ಅದೇ ಅನುಪಾತದಲ್ಲಿ ಕಡಿತವಾಗುತ್ತವೆ. ಅವು 1,20,000 ಆಗಿದ್ದರೆ ವಿಮೆ ಕೊಡುವುದು 60,000. ಔಷಧ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಅನುಪಾತದ ಕಡಿತ ಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವಿದೆ. ಬಿಲ್ಲನ್ನು ಪರೀಕ್ಷಿಸಿ ಇದನ್ನು ಹೇಳುವವರು ಕಂಪನಿಯೊಳಗೆ ಒಬ್ಬರಾದರೂ ಬೇಕು.

ನೆಟ್‌ವರ್ಕ್ ಆಸ್ಪತ್ರೆಗಳ, ಅಂದರೆ ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ ಆಸ್ಪತ್ರೆಗಳ, ಪಟ್ಟಿ ಇನ್ನೊಂದು. ಪಟ್ಟಿಯಲ್ಲಿ ಸಾವಿರಾರು ಹೆಸರುಗಳಿರುತ್ತವೆ. ನೌಕರರು ವಾಸಿಸುವ ನೆಲಮಂಗಲ, ಮಾಗಡಿ, ಆನೇಕಲ್ ಕಡೆ ಹೃದಯಾಘಾತವಾದರೆ ಮೊದಲ ಒಂದು ಗಂಟೆಯಲ್ಲಿ ತಲುಪಬಹುದಾದ ಆಸ್ಪತ್ರೆ ಅದರಲ್ಲಿದೆಯೇ? ನಾನು ಪ್ರತಿ ವರ್ಷ ನೌಕರರ ಪಿನ್‌ಕೋಡ್‌ಗಳನ್ನು ಮುಂದಿಟ್ಟುಕೊಂಡು ಆ ಪಟ್ಟಿಯನ್ನು ನೋಡುತ್ತಿದ್ದೆ. ಕೆಲವು ಪ್ರದೇಶಗಳಲ್ಲಿ ಒಂದೂ ಇರುತ್ತಿರಲಿಲ್ಲ. ಕೇಳಿದರೆ ಸೇರಿಸುತ್ತಾರೆ, ಕೇಳದಿದ್ದರೆ ಯಾರೂ ಸೇರಿಸುವುದಿಲ್ಲ.

ಹಿಂದಿನ ವರ್ಷ ಕ್ಲೇಮುಗಳು ಹೆಚ್ಚಾದವು ಎಂದರೆ ಪ್ರೀಮಿಯಂ ಏರುತ್ತದೆ. ಆಗ ಆಡಳಿತದ ಮೊದಲ ಯೋಚನೆ, ತಂದೆ ತಾಯಿಯರ ರಕ್ಷಣೆ ಕೈಬಿಡುವುದು ಅಥವಾ ಬಿಲ್ಲಿನ ಶೇಕಡಾ 20ನ್ನು ನೌಕರರ ಮೇಲೆ ಹಾಕುವುದು. ಆ ಸಭೆಯಲ್ಲಿ ವೈದ್ಯರು ಬಾಯಿ ತೆರೆಯಲೇಬೇಕು. ಕ್ಲೇಮುಗಳು ಏಕೆ ಹೆಚ್ಚಾದವು ಎಂದು ಬಿಡಿಸಿ ನೋಡಿದರೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ಆಸ್ಪತ್ರೆ ಸೇರಿದವರು, ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಪಾರ್ಶ್ವವಾಯು ಬಂದವರು ಸಿಗುತ್ತಾರೆ. ಹೊರರೋಗಿ ಚಿಕಿತ್ಸೆಗೂ ಮಾತ್ರೆಗೂ ಹಣ ಕೊಡದ ಪಾಲಿಸಿ ಅವರನ್ನು ಐಸಿಯುವರೆಗೆ ಕಾಯಿಸಿರುತ್ತದೆ. ತಿಂಗಳ ಮಾತ್ರೆಯನ್ನು ಕಂಪನಿಯ ಆರೋಗ್ಯ ಕೇಂದ್ರದಲ್ಲಿಯೇ ಉಚಿತವಾಗಿ ಕೊಡುವುದು ಅದಕ್ಕಿಂತ ಅಗ್ಗ, ಅದಕ್ಕಿಂತ ಮಾನವೀಯ.

ವರ್ಷದ ತಪಾಸಣೆಯಲ್ಲಿ ಅರವತ್ತು ಪರೀಕ್ಷೆಗಳ ಪ್ಯಾಕೇಜ್ ಕೊಟ್ಟಿದ್ದಾರೆ. ಒಳ್ಳೆಯದೇ ಅಲ್ಲವೇ?

ಸಂಖ್ಯೆಯನ್ನು ನೋಡಿ ಮೆಚ್ಚಬೇಡಿ. ಲೋಹದ ಹಾಳೆಗಳನ್ನು ಒತ್ತುವ ಸದ್ದಿನ ಪ್ರೆಸ್ ಶಾಪಿನಲ್ಲಿ ಹತ್ತು ವರ್ಷ ದುಡಿದವನಿಗೆ ವಿಟಮಿನ್ ಪರೀಕ್ಷೆ ಮಾಡಿಸಿ ಕಿವಿಯ ಪರೀಕ್ಷೆ ಬಿಟ್ಟರೆ ಆ ಪ್ಯಾಕೇಜ್ ಯಾರಿಗಾಗಿ? ಸದ್ದಿನ ಕಡೆ ಆಡಿಯೋಮೆಟ್ರಿ, ದೂಳಿನ ಕಡೆ ಶ್ವಾಸಕೋಶದ ಸ್ಪೈರೋಮೆಟ್ರಿ ಮತ್ತು ಎಕ್ಸ್‌ರೇ, ಬ್ಯಾಟರಿ ಕೆಲಸದವರಿಗೆ ರಕ್ತದಲ್ಲಿನ ಸೀಸದ ಪ್ರಮಾಣ, ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಕಣ್ಣು, ಹೊಲಿಗೆಯ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್. ಕೆಲಸಕ್ಕೆ ತಕ್ಕ ಪರೀಕ್ಷೆ ಆರಿಸುವುದು ವೈದ್ಯರ ಹಕ್ಕೂ ಹೌದು, ಹೊಣೆಯೂ ಹೌದು. ಹೊಸ ಸಂಹಿತೆಗಳನ್ನು ಜಾರಿಗೊಳಿಸುವಾಗ ಕೇಂದ್ರ ಸರ್ಕಾರ 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂದು ಹೇಳಿದೆ. ಅದು ರಕ್ತ ತೆಗೆದು ಪಿಡಿಎಫ್ ಕಳುಹಿಸುವಲ್ಲಿಗೆ ಮುಗಿಯಬಾರದು. ಸಕ್ಕರೆ ಹೆಚ್ಚಿದೆ ಎಂದು ಬರೆದು ಆ ಮನುಷ್ಯನನ್ನು ಮತ್ತೆ ಕರೆಯದಿದ್ದರೆ ತಪಾಸಣೆ ಮಾಡದಿದ್ದಷ್ಟೇ ಫಲ.

ನನ್ನ ವರದಿ ಎಚ್‌ಆರ್ ಕೈಗೆ ಹೋಗುತ್ತದೆಯೇ?

ಹೋಗಬಾರದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಗಳ ಪ್ರಕಾರ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹುವಂತಿಲ್ಲ. ನ್ಯಾಯಾಲಯದ ಆದೇಶ, ಬೇರೆಯವರಿಗೆ ಗಂಭೀರ ಅಪಾಯ, ಕಾನೂನಿನಂತೆ ವರದಿ ಮಾಡಲೇಬೇಕಾದ ರೋಗಗಳು ಇವು ಅದಕ್ಕೆ ಅಪವಾದ. ಕಂಪನಿಗೆ ತಿಳಿಯಬೇಕಾದದ್ದು ಇಷ್ಟೇ: ಈ ಕೆಲಸಕ್ಕೆ ಅರ್ಹ, ಅರ್ಹರಲ್ಲ, ಅಥವಾ ಇಂತಿಂಥ ಮಿತಿಗಳೊಂದಿಗೆ ಅರ್ಹ. ‘ಎತ್ತರದಲ್ಲಿ ಕೆಲಸ ಬೇಡ’ ಎಂದು ಬರೆದರೆ ಸಾಕು. ಮೂರ್ಛೆರೋಗ ಎಂದು ಬರೆಯಬೇಕಾಗಿಲ್ಲ.

ಆದರೂ ಎಷ್ಟೋ ಕಡೆ ತಪಾಸಣೆಯ ವರದಿಗಳು ನೇರವಾಗಿ ಎಚ್‌ಆರ್ ಇಮೇಲಿಗೆ ಬರುತ್ತವೆ. ಲ್ಯಾಬಿನೊಂದಿಗೆ ಒಪ್ಪಂದ ಮಾಡಿಕೊಂಡವರು ಅವರೇ ಆಗಿರುತ್ತಾರೆ. ಒಪ್ಪಂದ ಬರೆಯುವಾಗಲೇ ವರದಿ ನೌಕರನಿಗೆ ಮತ್ತು ವೈದ್ಯರಿಗೆ ಮಾತ್ರ ಎಂಬ ವಾಕ್ಯ ಸೇರಿಸಬೇಕು. ವೈದ್ಯರೇ ಗುಟ್ಟು ಬಿಟ್ಟುಕೊಟ್ಟರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅಂದಿನಿಂದ ಒಬ್ಬರೂ ನಿಜ ಹೇಳುವುದಿಲ್ಲ. ನಿಜ ಹೇಳದ ಕಡೆ ರಿಜಿಸ್ಟರ್ ಸುಳ್ಳಾಗುತ್ತದೆ, ಅದನ್ನು ನಂಬಿ ರೂಪಿಸಿದ ಸೌಲಭ್ಯವೂ ಸುಳ್ಳಾಗುತ್ತದೆ.

ನಿಮ್ಮ ದಾಖಲೆಯ ಪ್ರತಿಯನ್ನು ನೀವು ಕೇಳಿದರೆ ವೈದ್ಯರು 72 ಗಂಟೆಗಳೊಳಗೆ ಕೊಡಬೇಕು ಎಂಬುದೂ ಅದೇ ನಿಯಮಗಳಲ್ಲಿದೆ.

ವೈದ್ಯರಿಗೆ ಸಂಬಳ ಕೊಡುವುದು ಕಂಪನಿ. ಹಾಗಿದ್ದ ಮೇಲೆ ಅವರು ಯಾರ ಪರ?

ಈ ಪ್ರಶ್ನೆ ಕೇಳಿದವರನ್ನು ನಾನು ಎಂದೂ ತಪ್ಪು ತಿಳಿದಿಲ್ಲ. ಅನುಮಾನಕ್ಕೆ ಕಾರಣಗಳಿವೆ. ಗಾಯಕ್ಕೆ ರಜೆ ಬರೆಯಬೇಡಿ, ಅಪಘಾತವಿಲ್ಲದ ದಿನಗಳ ಫಲಕದ ಎಣಿಕೆ ಕೆಡುತ್ತದೆ ಎಂದು ನನಗೂ ಹೇಳಿದವರಿದ್ದಾರೆ. ಗಾಯದ ಕೈಗೆ ಹೊಲಿಗೆ ಹಾಕಿಸಿಕೊಂಡವರನ್ನು ಕಚೇರಿಯಲ್ಲಿ ಕೂರಿಸಿ ಹಾಜರಿ ಹಾಕಿದ್ದನ್ನೂ ಕಂಡಿದ್ದೇನೆ. ಔದ್ಯೋಗಿಕ ಆರೋಗ್ಯದ ಅಂತಾರಾಷ್ಟ್ರೀಯ ಆಯೋಗದ ನೀತಿಸಂಹಿತೆ, ವೈದ್ಯರು ವೃತ್ತಿಯ ತೀರ್ಮಾನಗಳಲ್ಲಿ ಸಂಪೂರ್ಣ ಸ್ವತಂತ್ರರಾಗಿರಬೇಕು ಎನ್ನುತ್ತದೆ. ಕಾಗದದ ಮೇಲಿನ ಆ ಸ್ವಾತಂತ್ರ್ಯ ಉಳಿಯಬೇಕಾದರೆ ವೈದ್ಯರು ಉತ್ಪಾದನಾ ವ್ಯವಸ್ಥಾಪಕರಿಗೆ ವರದಿ ಮಾಡುವಂತಿರಬಾರದು. ನೇರವಾಗಿ ಸಂಸ್ಥೆಯ ಮುಖ್ಯಸ್ಥರನ್ನು ಕಾಣುವ ಅವಕಾಶ ಇರಬೇಕು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕ ಪ್ರತಿನಿಧಿಗಳ ಎದುರಿನಲ್ಲಿಯೇ ಮಾತನಾಡುವಂತಿರಬೇಕು.

ಕೆಲಸಕ್ಕೆ ಸೇರುವಾಗ ಎಚ್‌ಐವಿ ಪರೀಕ್ಷೆ ಕೇಳಬಹುದೇ?

ಕೇಳುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅದನ್ನು ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದೂ ತಪ್ಪು. ಪಟ್ಟಿಯಲ್ಲಿ ಆ ಪರೀಕ್ಷೆ ಇದ್ದರೆ ಕಂಪನಿ ವೈದ್ಯರೇ ಮೊದಲು ಅದನ್ನು ಹೊಡೆದುಹಾಕಬೇಕು.

ಕೆಲಸದಿಂದಲೇ ಬಂದ ಕಾಯಿಲೆ ಎಂದು ತಿಳಿಯುವುದು ಹೇಗೆ? ಅದರಿಂದ ನನಗೇನು ಪ್ರಯೋಜನ?

ಕಾಯಿಲೆಗೂ ಕೆಲಸದ ವೇಳಾಪಟ್ಟಿಗೂ ನಂಟಿದೆಯೇ ಎಂದು ಗಮನಿಸಿ. ಹತ್ತಿಯ ದೂಳಿನಲ್ಲಿ ದುಡಿಯುವವರಿಗೆ ಭಾನುವಾರದ ರಜೆ ಮುಗಿಸಿ ಬಂದ ಸೋಮವಾರ ಎದೆ ಬಿಗಿಯುತ್ತದೆ. ಬಿಸಿನೋಸಿಸ್ ಎಂಬ ಕಾಯಿಲೆಯ ಹಳೆಯ ಗುರುತು ಅದು. ದಾವಣಗೆರೆಯಂಥ ಹತ್ತಿ ಗಿರಣಿಗಳ ಊರಿನಲ್ಲಿ ಕೆಮ್ಮು ಎಂದವರನ್ನೆಲ್ಲ ಬೀಡಿ ಬಿಡು ಎಂದು ಕಳುಹಿಸಿದರೆ ಇದು ಕೈತಪ್ಪುತ್ತದೆ. ಸದ್ದಿನಿಂದ ಕಿವಿ ಕೆಡುವಾಗ 4,000 ಹರ್ಟ್ಸ್ ಎಂಬ ಕೀರಲು ದನಿಯ ಬಳಿ ಕಿವಿ ಪರೀಕ್ಷೆಯ ಗ್ರಾಫ್ ಮೊದಲು ಕುಸಿಯುತ್ತದೆ. ಮಾತು ಇನ್ನೂ ಚೆನ್ನಾಗಿಯೇ ಕೇಳಿಸುತ್ತಿರುವುದರಿಂದ ಕಾರ್ಮಿಕನಿಗೆ ಗೊತ್ತೇ ಆಗುವುದಿಲ್ಲ.

ಸೀಸದ ವಿಷ, ಸಿಲಿಕೋಸಿಸ್, ಕಲ್ನಾರಿನ ಕಾಯಿಲೆ, ಸದ್ದಿನ ಕಿವುಡು ಸೇರಿ 29 ರೋಗಗಳ ಪಟ್ಟಿ ಕಾನೂನಿನಲ್ಲಿದೆ. ಇವನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ಆ ಒಂದು ವರದಿಯಿಂದ ನಿಮ್ಮ ಕಾಯಿಲೆ ‘ಮನೆಯ ಕಾಯಿಲೆ’ಯಾಗಿ ಉಳಿಯದೆ ಪರಿಹಾರಕ್ಕೆ ಅರ್ಹವಾಗುತ್ತದೆ.

ಕೋಲಾರದ ಚಿನ್ನದ ಗಣಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಕಲ್ಲು ಕೊರೆಯುವ ದೂಳಿನಿಂದ ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದು ಅಲ್ಲಿ, 1934ರಲ್ಲಿ. 1940ರ ದಶಕದಲ್ಲಿ ವೈದ್ಯರು ಸಾವಿರಾರು ಗಣಿ ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆದು ನೋಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಅದು ಕಂಡಿತು. ಅದುವರೆಗೆ ಪ್ರತಿಯೊಬ್ಬನ ಕೆಮ್ಮೂ ಅವನವನ ಮನೆಯ ಸಂಕಟವಾಗಿತ್ತು. ಎಣಿಸಿದ ಮೇಲೆ ಅದು ಗಣಿಯ ಕಾಯಿಲೆಯಾಯಿತು. ಆದರೆ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕಂಪನಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಶ್ವಾಸಕೋಶದೊಳಗಿನ ದೂಳು ಗಣಿಯ ಜೊತೆ ಮುಚ್ಚುವುದಿಲ್ಲ. ಕೆಲಸ ಬಿಟ್ಟ ಮೇಲೆಯೂ ತಪಾಸಣೆ ಮುಂದುವರಿಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಹೆರಿಗೆ ಸೌಲಭ್ಯದಲ್ಲಿ ವೈದ್ಯರ ಪಾತ್ರವೇನು?

ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ 2017ರ ತಿದ್ದುಪಡಿಯಿಂದ ಬಂದ ಹಕ್ಕು. ಗರ್ಭಪಾತವಾದರೆ ಆರು ವಾರ, ಬಸುರಿನಿಂದ ಉಂಟಾದ ತೊಂದರೆಗೆ ಇನ್ನೊಂದು ತಿಂಗಳು. 50 ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ವೈದ್ಯರು ಮಾಡಬೇಕಾದದ್ದು ರಜೆಯ ಮುಂಚಿನ ತಿಂಗಳುಗಳಲ್ಲಿ: ನಿಂತು ಮಾಡುವ ಕೆಲಸ ತಪ್ಪಿಸುವುದು, ದ್ರಾವಕಗಳ ವಾಸನೆಯಿಂದ ದೂರ ಇಡುವುದು, ರಾತ್ರಿ ಪಾಳಿ ಬಿಡಿಸುವುದು. ಬಸುರಿ ಎಂದು ತಿಳಿದರೆ ಕೆಲಸ ಹೋದೀತು ಎಂಬ ಹೆದರಿಕೆಯಿಂದ ಐದು ತಿಂಗಳವರೆಗೆ ಮುಚ್ಚಿಟ್ಟವರನ್ನು ನೋಡಿದ್ದೇನೆ. ಆ ಹೆದರಿಕೆ ಇರುವ ಕಾರ್ಖಾನೆಯಲ್ಲಿ ಕಾನೂನಿನ 26 ವಾರಗಳು ಅರ್ಧ ಸತ್ತಂತೆ.

ಮನಸ್ಸಿನ ಕಾಯಿಲೆಗೆ ವಿಮೆ ಇದೆಯೇ?

ಇರಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಹೇಳಿದೆ. ಆದರೆ ಮನೋವೈದ್ಯರ ಬಳಿ ಹೋಗುವವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ದಾಖಲಾಗುವುದಿಲ್ಲ. ದಾಖಲಾದರೆ ಮಾತ್ರ ಹಣ ಎನ್ನುವ ಪಾಲಿಸಿಯಿಂದ ಅವರಿಗೆ ಸಿಗುವುದು ಸೊನ್ನೆ. ಹೊರರೋಗಿ ಸಮಾಲೋಚನೆಯನ್ನು ಸೇರಿಸಿ ಎಂದು ಕಂಪನಿ ವೈದ್ಯರು ಬರೆಯಬೇಕು. ಯಾರಿಗೂ ಹೇಳಿಕೊಳ್ಳಲಾಗದ ಹೊತ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು.

ನಾನು ಗುತ್ತಿಗೆ ಕಾರ್ಮಿಕ. ಕಂಪನಿಯ ಆರೋಗ್ಯ ಕೇಂದ್ರಕ್ಕೆ ಹೋಗಬಹುದೇ?

ಹೋಗಿ. ಬಟ್ಟೆಯ ಬಣ್ಣವೋ ಗುರುತಿನ ಚೀಟಿಯ ಬಣ್ಣವೋ ನೋಡಿ ಗಾಯಕ್ಕೆ ಪಟ್ಟಿ ಕಟ್ಟುವ ವೈದ್ಯರಿದ್ದರೆ ಅವರು ಆ ಕುರ್ಚಿಗೆ ತಕ್ಕವರಲ್ಲ. ಕೇಂದ್ರದ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಜೊತೆ ಗುತ್ತಿಗೆದಾರರ ಹೆಸರನ್ನೂ ಬರೆಸಿ. ಅತಿ ದೂಳಿನ, ಅತಿ ಬಿಸಿಯ ಕೆಲಸಗಳು ಗುತ್ತಿಗೆಯವರ ಪಾಲಿಗೇ ಬೀಳುತ್ತವೆ. ಅವರ ಕಾಯಿಲೆ ಯಾವ ಲೆಕ್ಕದಲ್ಲಿಯೂ ಸೇರದಿದ್ದರೆ ಕಾರ್ಖಾನೆ ಕಾಗದದ ಮೇಲೆ ಆರೋಗ್ಯವಾಗಿ ಕಾಣುತ್ತದೆ. ಇಎಸ್‌ಐ ವಂತಿಗೆಯನ್ನು ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕರೇ ಕಟ್ಟಬೇಕಾಗುತ್ತದೆ ಎಂಬುದನ್ನೂ ತಿಳಿದಿರಿ.

ನಮ್ಮದು ಇಪ್ಪತ್ತು ಜನರ ವರ್ಕ್‌ಶಾಪ್. ವೈದ್ಯರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ.

ಹತ್ತಿರದ ನಾಲ್ಕೈದು ವರ್ಕ್‌ಶಾಪ್‌ಗಳು ಸೇರಿ ಒಬ್ಬ ವೈದ್ಯರನ್ನು ತಿಂಗಳಿಗೆ ಎರಡು ಬಾರಿ ಕರೆಸಬಹುದು. ಅವರು ಕ್ಲಿನಿಕ್ಕಿನಲ್ಲಿ ಕುಳಿತು ಸಹಿ ಮಾಡದೆ ಒಮ್ಮೆಯಾದರೂ ನಿಮ್ಮ ಯಂತ್ರಗಳ ನಡುವೆ ನಡೆದುಹೋಗಲಿ, ಅಷ್ಟು ಷರತ್ತು ಹಾಕಿ. ಸಂದೇಹವಿದ್ದರೆ ದೇವನಹಳ್ಳಿಯ ಬಳಿ ಇರುವ, ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ, ಇಲ್ಲವೇ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯನ್ನು ಕೇಳಬಹುದು. ಹತ್ತು ಜನರಿದ್ದರೆ ಇಎಸ್‌ಐ ನೋಂದಣಿ ಹೇಗೂ ಕಡ್ಡಾಯ.

ಸೌಲಭ್ಯ ಬದಲಾಗಬೇಕು ಎಂದು ನಮ್ಮ ವೈದ್ಯರ ಬಳಿ ಹೇಗೆ ಹೇಳಲಿ?

ವಿಮೆ ನವೀಕರಣವಾಗುವ ತಿಂಗಳು ಯಾವುದೆಂದು ಎಚ್‌ಆರ್ ಬಳಿ ಕೇಳಿಕೊಳ್ಳಿ. ಅದಕ್ಕೆ ಮೂರು ತಿಂಗಳು ಮುಂಚೆ ವೈದ್ಯರನ್ನು ಕಾಣಿರಿ. ಕಾರ್ಡ್ ಸಿಕ್ಕ ಮೇಲೆ ದೂರಿದರೆ ಇನ್ನೊಂದು ವರ್ಷ ಕಾಯಬೇಕು. ತಿರಸ್ಕೃತವಾದ ಕ್ಲೇಮಿನ ಪತ್ರ, ನಿಮ್ಮ ಕೈಯಿಂದ ಕಟ್ಟಿದ ಬಿಲ್ಲು ಇದ್ದರೆ ತನ್ನಿ. ಒಬ್ಬರೇ ಬರುವುದಕ್ಕಿಂತ ಅದೇ ತೊಂದರೆ ಇರುವ ಮೂವರು ಬೇರೆ ಬೇರೆ ದಿನ ಬಂದು ಬರೆಸಿದರೆ ಒಳ್ಳೆಯದು. ‘ಇದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ ಸಾರ್’ ಎಂದು ಹೇಳಿ, ಬರೆಯುವವರೆಗೂ ಏಳಬೇಡಿ.